ಮಾಸ್ತರರು ಬರೆದ ಕಾದಂಬರಿ

‘ಅದು ಮಾಸ್ತರರ ಕಾದಂಬರಿ’ ಎಂದರೆ ನಮ್ಮಲ್ಲಿ ಯಾರೂ ಅದನ್ನು ಹೊಗಳಿಕೆ ಎಂದು ತಿಳಿಯುವುದಿಲ್ಲ. ಲೈಬ್ರರಿಯಲ್ಲಿ ಕೂತು ಬರೆದದ್ದು, ಹೊರದೇಶದ ಪುಸ್ತಕಗಳ ವಾಸನೆ ಹೊಡೆಯುವಂಥದ್ದು, ಮಣ್ಣು ಮೆಟ್ಟದ್ದು ಎಂಬ ಕೊಂಕು ಆ ಮಾತಿನೊಳಗೇ ಕೂತಿರುತ್ತದೆ. ಕಾರಂತರು ಕಾಲೇಜು ಬಿಟ್ಟು ಹೊರಬಿದ್ದರು, ತೇಜಸ್ವಿ ಎಂ.ಎ. ಮುಗಿಸಿ ಮೂಡಿಗೆರೆಯ ತೋಟ ಸೇರಿದರು, ಲಂಕೇಶರು ಇಂಗ್ಲಿಷ್ ಅಧ್ಯಾಪಕರ ನೌಕರಿ ಬಿಟ್ಟು 1980ರಲ್ಲಿ ಪತ್ರಿಕೆ ಕಟ್ಟಿದರು. ಈ ಕತೆಗಳನ್ನು ಕನ್ನಡದ ಓದುಗ ಖುಷಿಯಿಂದ ಹೇಳಿಕೊಳ್ಳುತ್ತಾನೆ. ಹಾಜರಿ ಪುಸ್ತಕ ಕೈಬಿಡದೆ, ಪರೀಕ್ಷೆಯ ಪತ್ರಿಕೆ ತಿದ್ದುತ್ತಲೇ ಕಾದಂಬರಿ ಬರೆದವರ ಕತೆಗೆ ಅಂಥ ರಂಗು ಏರುವುದಿಲ್ಲ. ಹಳಿಯಾಳದ ಶಾಂತಿನಾಥ ದೇಸಾಯಿ (1929–1998) ಇಂಥವರಲ್ಲಿ ಒಬ್ಬರು. ಕನ್ನಡದ ನವ್ಯ ಕಾದಂಬರಿಯ ಮೊದಲ ಹೆಜ್ಜೆಯೆಂದು ವಿಮರ್ಶಕರು ಎಣಿಸುವ ‘ಮುಕ್ತಿ’ ಅವರದು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಓಂ ಣಮೋ’ ಅವರದು. ಇವೆರಡರ ನಡುವಿನ ಸುಮಾರು ನಾಲ್ಕು ದಶಕ ಅವರು ಇಂಗ್ಲಿಷ್ ಸಾಹಿತ್ಯ ಕಲಿಸಿದರು, ಕೊನೆಗೆ ವಿಶ್ವವಿದ್ಯಾಲಯವೊಂದನ್ನು ನಡೆಸಿದರು. ನೌಕರಿ ಅವರ ಬರವಣಿಗೆಗೆ ಅಡ್ಡಿಯಾಯಿತೇ, ಆಸರೆಯಾಯಿತೇ ಎಂದು ಕೇಳುವುದು ವಾಡಿಕೆ. ನನಗೆ ಕಾಣುವುದು ಇನ್ನೊಂದು ಸಂಗತಿ. ಅವರ ಕಾದಂಬರಿಗಳಲ್ಲಿ ಗಟ್ಟಿಯಾದದ್ದೆಲ್ಲ ಪಾಠದ ಕೋಣೆಯಿಂದಲೇ ಎದ್ದು ಬಂದದ್ದು. ಅಲ್ಲಿಂದ ಅವರಿಗೆ ಸಂಬಳ ಸಿಕ್ಕಿತು, ವಸ್ತುವೂ ಸಿಕ್ಕಿತು.

ಇದನ್ನು ಒಪ್ಪಬೇಕಾದರೆ ಉತ್ತರ ಕನ್ನಡ ಎಂಬ ಜಿಲ್ಲೆಯ ವಿಚಿತ್ರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 1862ರ ತನಕ ಮದ್ರಾಸಿಗೆ ಸೇರಿದ್ದ ಈ ನೆಲ ಆಮೇಲೆ ಮುಂಬಯಿ ಪ್ರಾಂತ್ಯದ ಪಾಲಾಗಿ, 1956ರ ನವೆಂಬರ್ 1ರವರೆಗೂ ಹಾಗೆಯೇ ಉಳಿಯಿತು. ಕೋರ್ಟಿನ ಮೇಲ್ಮನವಿಗೆ, ದೊಡ್ಡ ನೌಕರಿಗೆ, ದೊಡ್ಡ ಓದಿಗೆ ಮುಂಬಯಿಯೇ ದಿಕ್ಕು. ಅಷ್ಟು ದೂರ ಹೋಗಲಾರದವರಿಗೆ 1917ರಲ್ಲಿ ತೆರೆದ ಧಾರವಾಡದ ಕರ್ನಾಟಕ ಕಾಲೇಜು. ಕರಾವಳಿಯಿಂದ ಧಾರವಾಡಕ್ಕೆ ಹೋಗುವ ದಾರಿ ಅಂಕೋಲೆಯಿಂದ ಹೊರಟು, ಸುಂಕಸಾಳ ಹಾಯ್ದು, ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರಕ್ಕೆ ಬರುವ ದಾರಿ. ಧಾರವಾಡದ ಕಡೆಯಲ್ಲಿ ಹುಟ್ಟಿ, ಬೇಡ್ತಿ ಎಂದು ಕರೆಸಿಕೊಂಡು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಸುಂಕಸಾಳದ ಬದಿಗೆ ಹರಿಯುವ ಹೊಳೆ ಕಡಲಿಗೆ ಇಳಿಯುವುದೂ ಇದೇ ಕಣಿವೆಯಲ್ಲಿ. ಹೊಳೆ ಇಳಿದು ಬರುವ ದಿಕ್ಕಿಗೆ ಎದುರಾಗಿ ಹುಡುಗರು ಓದಲು ಹತ್ತಿದರು. ಹುಬ್ಬಳ್ಳಿ–ಅಂಕೋಲಾ ರೈಲು ಬರುತ್ತದೆಂದು ದಶಕಗಳಿಂದ ಹೇಳುತ್ತಿದ್ದಾರೆ; ಕಣಿವೆಯ ಜನ ಇವತ್ತಿಗೂ ಬಸ್ಸನ್ನೇ ಕಾಯುತ್ತಾರೆ. ಹಳಿಯಾಳ ಘಟ್ಟದ ಮೇಲಿನ ಊರು, ಧಾರವಾಡಕ್ಕೆ ಹತ್ತಿರ, ಸುಂಕಸಾಳದಷ್ಟು ಕಷ್ಟ ಅಲ್ಲಿಲ್ಲ. ಆದರೂ ಇಡೀ ಜಿಲ್ಲೆಗೆ ಒಂದು ಮಾತು ಸಮಾನವಾಗಿತ್ತು: ಓದಬೇಕೆಂದರೆ ಊರು ಬಿಡಬೇಕು. ಅಂಕೋಲೆಯಲ್ಲೇ ಒಂದು ಪದವಿ ಕಾಲೇಜು ಆಗಲು 1966ರ ವರೆಗೆ ಕಾಯಬೇಕಾಯಿತು. ಚುಟುಕಗಳಿಂದ ಮನೆಮಾತಾದ ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್, ಗೋಖಲೆಯವರ ಜನ್ಮಶತಮಾನೋತ್ಸವದ ವರ್ಷ ಅವರದೇ ಹೆಸರಿನಲ್ಲಿ ಅಲ್ಲಿ ಕಾಲೇಜು ತೆರೆಯಿತು. ಅಲ್ಲಿಯವರೆಗೆ ಈ ಭಾಗದಲ್ಲಿ ಓದು ಎಂದರೆ ವಲಸೆಯೇ. ಮನೆಯ ದೇವರು, ಜಾತಿಯ ಪಂಕ್ತಿ, ಅಪ್ಪ ಗೊತ್ತುಮಾಡಿದ ಹೆಣ್ಣು ಎಲ್ಲವನ್ನೂ ಹಿಂದೆ ಬಿಟ್ಟು ಹಾಸ್ಟೆಲಿನ ಕೋಣೆಗೆ ಟ್ರಂಕು ಹೊತ್ತು ಬಂದ ಆ ತಲೆಮಾರಿಗೆ, ತಾನು ಯಾರು ಎಂಬ ಪ್ರಶ್ನೆ ಪುಸ್ತಕದಲ್ಲಿ ಓದಿ ಹುಟ್ಟಬೇಕಾಗಿರಲಿಲ್ಲ.

ಶಾಂತಿನಾಥರು ಆ ತಲೆಮಾರಿನ ಮಗ. ಜೈನ ಮನೆತನದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, ಮುಂದೆ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಯನ ಮಾಡಿ ಬಂದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಅಲ್ಲಿಂದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಹೋಗಿ ಇಂಗ್ಲಿಷ್ ಪ್ರಾಧ್ಯಾಪಕರಾದರು. 1987ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕುವೆಂಪು ವಿಶ್ವವಿದ್ಯಾಲಯ ಆರಂಭವಾದಾಗ ಅದರ ಮೊದಲ ಕುಲಪತಿ ಅವರೇ. ಈ ನೌಕರಿಯ ಪಟ್ಟಿಯ ಪಕ್ಕಕ್ಕೆ ಪುಸ್ತಕಗಳನ್ನು ಇಟ್ಟು ನೋಡಬೇಕು. 1959ರಲ್ಲಿ ಕತೆಗಳ ಸಂಕಲನ ‘ಮಂಜುಗಡ್ಡೆ’, 1961ರಲ್ಲಿ ‘ಮುಕ್ತಿ’, 1966ರಲ್ಲಿ ಇನ್ನೊಂದು ಕಥಾಸಂಕಲನ ‘ಕ್ಷಿತಿಜ’, 1971ರಲ್ಲಿ ‘ವಿಕ್ಷೇಪ’. ಮುಂದೆ ‘ಸೃಷ್ಟಿ’, ‘ಸಂಬಂಧ’, ‘ಬೀಜ’, ‘ಅಂತರಾಳ’. ಇದರ ಜೊತೆಗೇ ಇಂಗ್ಲಿಷ್ ವಿಮರ್ಶೆಯ ಲೋಕದಲ್ಲಿ ಎಸ್.ಕೆ. ದೇಸಾಯಿ ಎಂಬ ಹೆಸರಿನ ಒಬ್ಬ ಪ್ರಾಧ್ಯಾಪಕರಿದ್ದರು. ಭಾರತೀಯ ಇಂಗ್ಲಿಷ್ ಕಾದಂಬರಿಕಾರರು ಭಾಷೆಯನ್ನು ಹೇಗೆ ಬಗ್ಗಿಸುತ್ತಾರೆ ಎಂಬ ಬಗ್ಗೆ 1974ರಲ್ಲಿ ಶಿವಾಜಿ ವಿಶ್ವವಿದ್ಯಾಲಯದಿಂದ ಬಂದ ಲೇಖನ ಸಂಗ್ರಹದ ಸಂಪಾದಕರು ಅವರು. ಶಾಂತಾ ರಾಮ ರಾವ್ ಕುರಿತು 1976ರಲ್ಲಿ ಪುಸ್ತಕ ಬರೆದವರೂ ಅವರೇ. ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ಆ ಎಸ್.ಕೆ. ದೇಸಾಯಿ, ಈ ಶಾಂತಿನಾಥ ದೇಸಾಯಿ ಒಬ್ಬರೇ ಎಂಬುದು ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯ ಬೀಳದ ಹಾಗೆ ಅವರು ಎರಡನ್ನೂ ಬೇರೆಬೇರೆ ಗೂಟಕ್ಕೆ ಕಟ್ಟಿದ್ದರು.

ಬೇರೆ ಗೂಟಕ್ಕೆ ಕಟ್ಟಿದರೂ ಮೇವು ಒಂದೇ ಗೋದಲಿಯದು. ಐವತ್ತರ ದಶಕದ ಧಾರವಾಡದಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠ ಎಂದರೆ ಏನು ಎಂಬುದನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರು ಕನ್ನಡ ಶಾಲೆಯಲ್ಲಿ ಕಲಿತು, ಮ್ಯಾಟ್ರಿಕ್ ಪಾಸಾಗಿ, ಹಳ್ಳಿಯಿಂದ ನೇರ ಬಂದವರು. ಮುಂದಿರುವ ಪುಸ್ತಕ ಹಾರ್ಡಿಯ ‘ಟೆಸ್’ ಇರಬಹುದು. ಒಬ್ಬ ಹುಡುಗಿ ತಾನು ಮೋಸಹೋದದ್ದನ್ನು ಮದುವೆಯ ರಾತ್ರಿ ಗಂಡನಿಗೆ ಹೇಳುತ್ತಾಳೆ, ಅದನ್ನು ಕೇಳಿ ಅವನು ಅವಳನ್ನು ಬಿಟ್ಟು ಹೋಗುತ್ತಾನೆ. ಪುಸ್ತಕ ಹೇಳುವುದು ಇಂಗ್ಲೆಂಡಿನ ಹಾಲಿನ ಡೇರಿ, ಚರ್ಚು, ಪಾದ್ರಿಯ ಮಗ. ಕೇಳುವವನ ತಲೆಯಲ್ಲಿ ತನ್ನ ಊರಿನ ಯಾವುದೋ ಮನೆಯ ಹಿತ್ತಿಲ ಕೋಣೆ. ಮಾಸ್ತರರು ಅರ್ಥ ಹೇಳುತ್ತ ಹೇಳುತ್ತ ಕನ್ನಡಕ್ಕೆ ಹೊರಳುತ್ತಾರೆ. ಹೊರಳಿದ ಕೂಡಲೇ ಟೆಸ್ ಇಂಗ್ಲೆಂಡಿನವಳಾಗಿ ಉಳಿಯುವುದಿಲ್ಲ. ಅವನು ಬಿಟ್ಟು ಹೋದದ್ದು ಸರಿಯೇ, ಇವಳು ಹೇಳಬಾರದಿತ್ತೇ ಎಂದು ಕೇಳುವ ಪ್ರಶ್ನೆಗೆ ಪರೀಕ್ಷೆಯಲ್ಲಿ ಬರೆಯುವ ಉತ್ತರ ಒಂದು, ಊರಿಗೆ ಹೋದಾಗ ಬದುಕುವ ಉತ್ತರ ಇನ್ನೊಂದು. ಈ ಎರಡು ಉತ್ತರಗಳ ನಡುವಿನ ಬಿರುಕನ್ನು ದಿನಾ ಕಣ್ಣೆದುರು ಕಾಣುವವನು ಅಧ್ಯಾಪಕ. ಜಮೀನಿನ ಲೆಕ್ಕ ಬರೆಯುವ ಶಾನಭೋಗನಿಗೆ ಅದು ಕಾಣದು, ಡಾಕ್ಟರಿಗೂ ಅಷ್ಟಾಗಿ ಕಾಣದು. ದೇಸಾಯಿಯವರ ಕಾದಂಬರಿಗಳ ನಾಯಕರು ಈ ಬಿರುಕಿನಲ್ಲೇ ಹುಟ್ಟಿದವರು.

‘ಮುಕ್ತಿ’ಯ ಗೌರೀಶ ಅಂಥವನು. ಓದಿದ ಯುವಕ; ಕಾಮಿನಿಯನ್ನು ಪ್ರೀತಿಸಿ ಅವಳನ್ನು ಪಡೆಯಲಾರದವನು; ಡಾಲಿಯ ಸಹವಾಸದಲ್ಲಿ ಬೇರೊಂದು ಬಗೆಯ ಬಿಡುಗಡೆಯನ್ನು ಹುಡುಕುವವನು. ಕತೆ ನಡೆಯುವುದು ಅವನ ಬಾಯಿಂದಲೇ. 1961ಕ್ಕೆ ಮುಂಚಿನ ನಮ್ಮ ಕಾದಂಬರಿಗಳಲ್ಲಿ ಪ್ರೀತಿಸಿ ಸೋತವನಿಗೆ ದಾರಿಗಳು ಗೊತ್ತಿದ್ದವು: ತ್ಯಾಗ, ದೇಶಸೇವೆ, ಸನ್ಯಾಸ, ಇಲ್ಲವೇ ಅಪ್ಪ ತೋರಿಸಿದ ಹೆಣ್ಣಿನ ಜೊತೆ ಸದ್ದಿಲ್ಲದ ಸಂಸಾರ. ಗೌರೀಶನಿಗೆ ಇವು ಯಾವುವೂ ಬೇಡ. ತನ್ನ ಸೋಲನ್ನು ತಾನೇ ಬಿಚ್ಚಿ, ಅದರ ನರನರ ಎಣಿಸಿ, ನಾನು ಏಕೆ ಹೀಗಾದೆ ಎಂದು ಕೇಳುತ್ತ ಹೋಗುವುದು ಅವನ ಕೆಲಸ. ‘ಮುಕ್ತಿ’ ಎಂಬ ಹೆಸರನ್ನು ದೇವಸ್ಥಾನದಿಂದ ಎತ್ತಿ ತಂದು ಒಬ್ಬ ಪದವೀಧರನ ತಲೆಬಿಸಿಗೆ ಇಟ್ಟದ್ದರಲ್ಲಿ ಸ್ವಲ್ಪ ಕುಚೋದ್ಯವೂ ಇದೆ, ಅದನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ಗಡಿಯಾಚೆ ಮರಾಠಿಯಲ್ಲೂ ಹೆಚ್ಚು ಕಡಿಮೆ ಇದೇ ಹೊತ್ತಿಗೆ ಇಂಥದೇ ಒಂದು ಘಟನೆ ನಡೆಯಿತು. ಭಾಲಚಂದ್ರ ನೇಮಾಡೆಯವರ ‘ಕೋಸಲಾ’ 1963ರಲ್ಲಿ ಬಂತು; ಹಳ್ಳಿಯಿಂದ ಪುಣೆಗೆ ಓದಲು ಹೋಗಿ ಎಲ್ಲೂ ಸಲ್ಲದೆ ಹಿಂತಿರುಗುವ ಹುಡುಗನ ಕತೆ ಅದು. ನೇಮಾಡೆಯವರೂ ಮುಂದೆ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರೇ ಆದರು. ಎರಡು ನೆರೆಭಾಷೆಗಳಲ್ಲಿ ಹೊಸ ಕಾದಂಬರಿಯ ಬಾಗಿಲು ತೆಗೆದದ್ದು ಊರು ಬಿಟ್ಟು ಓದಿದ ಹುಡುಗನ ಪಾತ್ರ. ತೆಗೆದ ಕೈಗಳೆರಡೂ ಇಂಗ್ಲಿಷ್ ಎಂ.ಎ. ಓದಿದವು. ಇದನ್ನು ಕಾಕತಾಳೀಯ ಎಂದು ಬದಿಗೆ ಸರಿಸುವುದು ಕಷ್ಟ.

‘ಕ್ಷಿತಿಜ’ ಕತೆಯಲ್ಲಿ ಅದೇ ಪ್ರಶ್ನೆಯನ್ನು ಅವರು ಹೆಣ್ಣಿನ ಕಡೆಗೆ ತಿರುಗಿಸಿದರು, ಮತ್ತು ನನ್ನ ಮಟ್ಟಿಗೆ ಅದು ಅವರ ಚಿಕ್ಕ ಬರಹಗಳಲ್ಲೇ ಎಲ್ಲಕ್ಕಿಂತ ಬಿಗಿಯಾದದ್ದು. ಸಂಪ್ರದಾಯದ ಮನೆಯಲ್ಲಿ ಬೆಳೆದ ಮಂದಾಕಿನಿ ಓದಲೆಂದು ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟಿದ್ದಾಳೆ. ಕತೆಗಾರ ಅವಳನ್ನು ಮನೆಯಲ್ಲೂ ಇಡುವುದಿಲ್ಲ, ಲಂಡನ್ನಿಗೂ ಇಳಿಸುವುದಿಲ್ಲ. ಹಡಗಿನ ಮೇಲೆ, ಎರಡು ದಡಗಳ ನಡುವೆ ಇಟ್ಟು ನೋಡುತ್ತಾನೆ. ಅಲ್ಲಿ ಕಾಯಲು ಅಪ್ಪ ಇಲ್ಲ, ನೆರೆಹೊರೆ ಇಲ್ಲ. ತಡೆಯುವವರು ಯಾರೂ ಇಲ್ಲದಿರುವಾಗ ತಾನು ತಡೆದುಕೊಳ್ಳುವುದು ಏತಕ್ಕೆ ಎಂಬುದು ಅವಳಿಗೆ ಎದುರಾಗುತ್ತದೆ. ವಿಮಾನದ ಕಾಲದಲ್ಲಿ ಈ ಕತೆ ಬರೆಯಲು ಆಗುತ್ತಿರಲಿಲ್ಲ, ಏಕೆಂದರೆ ಹಡಗಿಗೆ ವಾರಗಳು ಬೇಕು, ಮತ್ತು ಮನಸ್ಸು ಬದಲಾಗಲಿಕ್ಕೂ ವಾರಗಳು ಬೇಕು. ‘ವಿಕ್ಷೇಪ’ ಬರುವ ಹೊತ್ತಿಗೆ ಅದೇ ಪಯಣ ಹಳ್ಳಿಯಿಂದ ಮುಂಬಯಿಗೆ, ಅಲ್ಲಿಂದ ಹೊರದೇಶಕ್ಕೆ ಚಾಚಿಕೊಳ್ಳುತ್ತದೆ. ಪ್ರತಿ ಹೆಜ್ಜೆಗೂ ಬೇರು ಒಂದಿಷ್ಟು ಸಡಿಲವಾಗುತ್ತದೆ.

ಇಷ್ಟು ಹೇಳಿದ ಕೂಡಲೇ ಹಳೆಯ ಆಕ್ಷೇಪ ಎದ್ದು ನಿಲ್ಲುತ್ತದೆ. ಇಂಗ್ಲಿಷ್ ಮಾಸ್ತರರು ಕಾಮೂ, ಸಾರ್ತ್ರ್ ಓದಿದರು, ಯುರೋಪಿನ ಅನಾಥಪ್ರಜ್ಞೆಯನ್ನು ಕಡ ತಂದು ಕನ್ನಡದ ಹುಡುಗನಿಗೆ ತೊಡಿಸಿದರು. ಎರಡು ಮಹಾಯುದ್ಧ ಕಂಡವರ ನೋವು ನಮ್ಮದು ಹೇಗಾದೀತು ಎಂಬುದು ಆಕ್ಷೇಪ. ಇದರಲ್ಲಿ ಹುರುಳಿಲ್ಲವೆನ್ನಲಾರೆ. ನವ್ಯದ ಎರಡನೇ ದರ್ಜೆಯ ಬರಹಗಳಲ್ಲಿ ಈ ಕಡದ ಅಂಗಿ ಚೆನ್ನಾಗಿಯೇ ಕಾಣುತ್ತದೆ. ಆದರೆ ದೇಸಾಯಿಯವರ ನಾಯಕನನ್ನು ಕಾಡುವುದು ದೇವರು ಸತ್ತ ಎಂಬ ಸುದ್ದಿ ಅಲ್ಲವೇ ಅಲ್ಲ. ಜಾತಿ ಮನೆತನಗಳ ಹಿಡಿತ ಇನ್ನೂ ಗಟ್ಟಿಯಾಗಿರುವಾಗ ಓದು ಮಾತ್ರ ಅವನನ್ನು ಹೊರಗೆ ಎಳೆಯುತ್ತಿರುವ ಪರಿಸ್ಥಿತಿ. ಆ ಪರಿಸ್ಥಿತಿ ಪ್ಯಾರಿಸ್ಸಿನಲ್ಲಿ ಇರಲಿಲ್ಲ, ಹಳಿಯಾಳದಲ್ಲಿ ಇತ್ತು. ಪಶ್ಚಿಮದ ಪುಸ್ತಕ ಅವರಿಗೆ ರೋಗವನ್ನು ಕೊಡಲಿಲ್ಲ, ಇದ್ದ ರೋಗವನ್ನು ಹೇಳಿಕೊಳ್ಳುವ ಒಂದು ರೀತಿ ಕೊಟ್ಟಿತು. ಅನಂತಮೂರ್ತಿಯವರು ‘ಸಂಸ್ಕಾರ’ ಬರೆದದ್ದೂ ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷ್ ಸಂಶೋಧನೆಗೆಂದು ಹೋದಾಗ, ಬರ್ಗ್‌ಮನ್ನನ ಸಿನಿಮಾ ನೋಡಿದ ಪ್ರಚೋದನೆಯಿಂದ. ಆದರೂ 1965ರಲ್ಲಿ ಹೊರಬಂದದ್ದು ಸ್ವೀಡನ್ನಿನ ಕತೆಯಲ್ಲ, ತುಂಗಾ ತೀರದ ಮಾಧ್ವ ಅಗ್ರಹಾರದ್ದು. ದೂರ ನಿಂತಾಗ ಮನೆ ಸ್ಪಷ್ಟವಾಗಿ ಕಾಣುವುದು ಎಲ್ಲ ಕಡೆಯೂ ನಡೆದ ಸಂಗತಿ. ಕೀನ್ಯಾದ ನ್ಗೂಗಿ ವಾ ಥಿಯಾಂಗೊ ಕೂಡ ಲೀಡ್ಸ್‌ನಲ್ಲಿ ಓದಿದವರು. ನೈರೋಬಿಗೆ ಮರಳಿ ಸಾಹಿತ್ಯ ಕಲಿಸುತ್ತ, ಇಂಗ್ಲಿಷ್ ವಿಭಾಗವನ್ನೇ ರದ್ದು ಮಾಡಬೇಕೆಂದು 1968ರಲ್ಲಿ ಸಂಗಡಿಗರೊಂದಿಗೆ ವಾದಿಸಿ, ಮುಂದೆ ಇಂಗ್ಲಿಷ್ ಬಿಟ್ಟು ಗಿಕುಯು ಭಾಷೆಯಲ್ಲಿ ಕಾದಂಬರಿ ಬರೆದರು. ಜಗತ್ತು ಅದನ್ನು ಬಂಡಾಯವೆಂದು ಗುರುತಿಸಿತು. ಬಿ.ಎಂ.ಶ್ರೀಯವರಿಂದ ಹಿಡಿದು ಗೋಕಾಕ, ಅಡಿಗ, ಅನಂತಮೂರ್ತಿ, ದೇಸಾಯಿಯವರ ತನಕ ನಮ್ಮ ಇಂಗ್ಲಿಷ್ ಮಾಸ್ತರರು ಗದ್ದಲವಿಲ್ಲದೆ ಅದನ್ನೇ ಮಾಡಿದರು: ಹೊಟ್ಟೆಗೆ ಇಂಗ್ಲಿಷ್, ಬರೆಯಲು ಕನ್ನಡ.

ಇನ್ನೊಂದು ಆಕ್ಷೇಪ ಇನ್ನೂ ಹತ್ತಿರದ್ದು. ಇದೇ ಜಿಲ್ಲೆಯ ಹನೇಹಳ್ಳಿಯ ಯಶವಂತ ಚಿತ್ತಾಲರು ಯಾವ ಕಾಲೇಜಿನಲ್ಲೂ ಸಾಹಿತ್ಯ ಕಲಿಸಲಿಲ್ಲ. ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತ ‘ಶಿಕಾರಿ’ ಬರೆದರು, ಮತ್ತು ‘ಶಿಕಾರಿ’ (1979) ದೇಸಾಯಿಯವರ ಯಾವ ಕಾದಂಬರಿಗಿಂತಲೂ ಹೆಚ್ಚು ಓದಿಸಿಕೊಂಡಿತು. ಹಾಗಾದರೆ ಪಾಠದ ಕೋಣೆಗೆ ಇಷ್ಟು ಮಹತ್ವ ಏಕೆ? ಚಿತ್ತಾಲರ ಉದಾಹರಣೆ ನನ್ನ ಮಾತನ್ನು ಬೀಳಿಸುವುದಕ್ಕಿಂತ ಎತ್ತಿ ನಿಲ್ಲಿಸುತ್ತದೆ. ‘ಶಿಕಾರಿ’ಯ ನಾಯಕ ನಾಗಪ್ಪನ ಭಯ ಕಂಪನಿಯ ಕಾರಿಡಾರಿನ ಭಯ. ಸಸ್ಪೆಂಡ್ ಆದ, ವಿಚಾರಣೆಗೆ ಒಳಗಾದ, ಯಾರು ತನ್ನನ್ನು ಬೇಟೆಯಾಡುತ್ತಿದ್ದಾರೆಂದು ತಿಳಿಯದ ನೌಕರನ ಭಯ. ಆಫೀಸು ಚಿತ್ತಾಲರಿಗೆ ಭಯವನ್ನು ಕೊಟ್ಟಿತು, ಕಾಲೇಜು ದೇಸಾಯಿಯವರಿಗೆ ಆಯ್ಕೆಯ ಗೊಂದಲವನ್ನು ಕೊಟ್ಟಿತು. ನೌಕರಿ ಕಾದಂಬರಿಕಾರನಿಗೆ ಬರೀ ಹಿನ್ನೆಲೆಯಾಗಿ ಒದಗುವುದಿಲ್ಲ, ಪ್ರಶ್ನೆಯಾಗಿ ಒದಗುತ್ತದೆ. ಕಾಲೇಜಿನ ಮಾಸ್ತರರಷ್ಟೇ ಕಾದಂಬರಿ ಬರೆಯಬಲ್ಲರೆಂದು ಯಾರೂ ಹೇಳುತ್ತಿಲ್ಲ. ಅವರು ಬರೆದದ್ದು ಬದುಕಿನಿಂದ ದೂರದ್ದು ಎಂಬ ತೀರ್ಪು ಮಾತ್ರ ನಿಲ್ಲುವುದಿಲ್ಲ. ತರಗತಿಯೂ ಬದುಕೇ.

ದೇಸಾಯಿಯವರ ಕೊರತೆಗಳನ್ನು ಮುಚ್ಚಿಟ್ಟು ಈ ವಾದ ಗೆಲ್ಲಬೇಕಾಗಿಲ್ಲ. ಅವರ ಜಗತ್ತು ಬಹುಮಟ್ಟಿಗೆ ಪದವೀಧರರ ಜಗತ್ತು. ಸುಂಕಸಾಳದ ಸುತ್ತಿನ ಹಾಲಕ್ಕಿಯವರು, ಹಳಿಯಾಳದ ಕಾಡಿನ ಸಿದ್ದಿಗಳು ಅದರ ನಡುಮನೆಗೆ ಬರುವುದಿಲ್ಲ. ‘ಮುಕ್ತಿ’ಯ ಕಾಮಿನಿ, ಡಾಲಿಯರು ತಮ್ಮ ಕಾಲ ಮೇಲೆ ನಿಲ್ಲುವುದಕ್ಕಿಂತ ಗೌರೀಶನ ತೊಳಲಾಟಕ್ಕೆ ಕಂಬಗಳಾಗುವುದೇ ಹೆಚ್ಚು. ಎಪ್ಪತ್ತರ ದಶಕದ ಕೊನೆಗೆ ದಲಿತ–ಬಂಡಾಯದವರು ನವ್ಯದ ಈ ‘ನಾನು’ವಿನ ಮೇಲೆ ಸಿಟ್ಟಾದದ್ದಕ್ಕೆ ಕಾರಣವಿತ್ತು; 1984ರಲ್ಲಿ ದೇವನೂರರ ‘ಕುಸುಮಬಾಲೆ’ ಬಂದ ಮೇಲೆ ಗೌರೀಶನ ಸಂಕಟ ಇದ್ದಕ್ಕಿದ್ದಂತೆ ಸಣ್ಣದಾಗಿ ಕಂಡಿತು. ಆಡಳಿತದ ಕುರ್ಚಿ ಬರವಣಿಗೆಯ ಹೊತ್ತನ್ನು ತಿಂದಿತು ಎಂಬುದನ್ನೂ ಒಪ್ಪಬೇಕು. 1983ರ ‘ಬೀಜ’ಕ್ಕೂ 1993ರ ‘ಅಂತರಾಳ’ಕ್ಕೂ ನಡುವೆ ಹತ್ತು ವರ್ಷ, ಆ ಹತ್ತರ ನಡುವೆಯೇ ಕುಲಪತಿಯ ಹುದ್ದೆ. ಹೊಸ ವಿಶ್ವವಿದ್ಯಾಲಯ ಎಂದರೆ ಕಟ್ಟಡದ ಟೆಂಡರು, ನೇಮಕದ ಕಡತ, ಸಿಂಡಿಕೇಟಿನ ಸಭೆ. ಅದರಲ್ಲಿ ಮುಳುಗಿದವರು ಕಾದಂಬರಿಗೆ ಏಳುವುದು ಸುಲಭವಲ್ಲ. ಕುವೆಂಪು ಅವರಿಗೂ ಮೈಸೂರಿನ ಕುಲಪತಿ ಸ್ಥಾನ ಮುಗಿದ ಮೇಲೆಯೇ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು.

ಆದರೆ ಕೊನೆಯ ಕಾದಂಬರಿಯಲ್ಲಿ ಈ ಸೋಲುಗಳಿಗೆ ಅವರೇ ಉತ್ತರ ಕೊಟ್ಟಿದ್ದಾರೆ. ‘ಓಂ ಣಮೋ’ದಲ್ಲಿ ಜೈನ ಸಮಾಜವನ್ನು ಅಧ್ಯಯನ ಮಾಡಲೆಂದು ಇಂಗ್ಲೆಂಡಿನಿಂದ ಇಬ್ಬರು ಬರುತ್ತಾರೆ. ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಭಾಗದ ಜೈನರೆಂದರೆ ಹೊರಗಿನವರು ಅಂದುಕೊಳ್ಳುವ ಹಾಗೆ ಬರೀ ವ್ಯಾಪಾರಿಗಳಲ್ಲ. ನೇಗಿಲು ಹಿಡಿದ, ಕನ್ನಡ ಮರಾಠಿ ಎರಡನ್ನೂ ಆಡುವ ಒಕ್ಕಲಿನ ಜನ. ಕೊಲ್ಹಾಪುರದಲ್ಲಿ ವರ್ಷಗಟ್ಟಲೆ ಇದ್ದ ಹಳಿಯಾಳದ ಈ ಜೈನ ಲೇಖಕರಿಗೆ ಇದು ಕೈಯಳತೆಯ ಲೋಕ. ಹಾಗಿದ್ದೂ ಅವರು ಅದನ್ನು ತಾವೇ ನೇರ ಹೇಳಲಿಲ್ಲ, ಏನೂ ತಿಳಿಯದ ಇಬ್ಬರು ಸಂಶೋಧಕರನ್ನು ಕಳಿಸಿ ಕೇಳಿಸಿದರು. ಪಿಎಚ್.ಡಿ. ಗೈಡ್ ಆಗಿ ಸವೆದವರಿಗೆ ಮಾತ್ರ ಹೊಳೆಯುವ ಉಪಾಯ ಇದು. ಹೊರಗಿನವರು ಕೇಳುವ ಬಾಲಿಶ ಪ್ರಶ್ನೆಗೆ ಒಳಗಿನವರು ಉತ್ತರ ಹೇಳಹೊರಟಾಗ ತಾವು ಎಂದೂ ಯೋಚಿಸದ್ದು ಬಾಯಿಗೆ ಬರುತ್ತದೆ. ಒಂದೇ ಮನೆಯ ಇಬ್ಬರು ಒಂದೇ ವ್ರತಕ್ಕೆ ಎರಡು ಕಾರಣ ಕೊಡುತ್ತಾರೆ. ಸತ್ಯಕ್ಕೆ ಹಲವು ಮುಖ ಎನ್ನುವ ಅನೇಕಾಂತ ಜೈನರ ತತ್ತ್ವ. ಇಲ್ಲಿ ಅದು ಉಪದೇಶವಾಗದೆ ಕಾದಂಬರಿಯ ಕಟ್ಟೇ ಆಗಿದೆ. ‘ಮುಕ್ತಿ’ಯಲ್ಲಿ ಒಬ್ಬನೇ ಮಾತಾಡಿ ಉಳಿದವರನ್ನು ನೆರಳಾಗಿಸಿದ್ದ ಲೇಖಕ, ಇಲ್ಲಿ ತಾನು ಹಿಂದೆ ಸರಿದು ಬಹಳ ಜನಕ್ಕೆ ಮಾತು ಬಿಟ್ಟುಕೊಟ್ಟಿದ್ದಾರೆ. ಊರು ಬಿಟ್ಟು ಓದಿದವನು ಸಂಶೋಧಕನ ಬೆನ್ನ ಹಿಂದೆ ಅಡಗಿಕೊಂಡು ತನ್ನ ಮನೆಗೇ ಮರಳಿದಂತೆ. ಆ ಮನೆಗೆ ಅವರು ಪೂರ್ತಿ ಒಪ್ಪಿಕೊಂಡು ಮರಳಲಿಲ್ಲ, ಪ್ರಶ್ನೆ ಹಿಡಿದುಕೊಂಡೇ ಮರಳಿದರು ಎಂಬುದು ಆ ಪುಸ್ತಕದ ಮರ್ಯಾದೆ. ದೇಸಾಯಿಯವರು 1998ರ ಮಾರ್ಚಿನಲ್ಲಿ ತೀರಿಕೊಂಡರು. ಅಕಾಡೆಮಿ ಪ್ರಶಸ್ತಿ ಬಂದದ್ದು 2000ದಲ್ಲಿ.

ಇವರನ್ನು ಓದಬೇಕೆನ್ನುವವರು ಪ್ರಶಸ್ತಿ ಬಂದ ಪುಸ್ತಕದಿಂದ ಶುರುಮಾಡಬೇಡಿ. ಮೊದಲು ‘ಕ್ಷಿತಿಜ’ ಓದಿ. ಒಂದು ಸಂಜೆಗೆ ಮುಗಿಯುತ್ತದೆ. ಆಮೇಲೆ ‘ಮುಕ್ತಿ’ಗೆ ಹೋಗಿ, ಗೌರೀಶನ ಮೇಲೆ ಸಿಟ್ಟು ಬಂದರೆ ಬರಲಿ, ಓದು ನಿಲ್ಲಿಸಬೇಡಿ. ‘ಓಂ ಣಮೋ’ಕ್ಕೆ ರಜೆ ಬೇಕು, ತಾಳ್ಮೆಯೂ ಬೇಕು. ಮತ್ತು ಅಂಕೋಲೆ, ಯಲ್ಲಾಪುರ, ಹಳಿಯಾಳದ ಕಾಲೇಜುಗಳಲ್ಲಿ ಈಗ ಸಾಹಿತ್ಯ ಕಲಿಸುತ್ತಿರುವವರಿಗೆ ಒಂದು ಕೋರಿಕೆ: ಈ ಮೂರೂ ನಿಮ್ಮ ಲೈಬ್ರರಿಯಲ್ಲಿ ಇವೆಯೇ ಎಂದು ಒಮ್ಮೆ ಹುಡುಕಿ, ಇಲ್ಲದಿದ್ದರೆ ಈ ವರ್ಷದ ಪಟ್ಟಿಗೆ ಸೇರಿಸಿ.